ಮುನ್ನರಿವಿನ ಪ್ರಶ್ನೆ: ಇವ್ಯಾಂಜೆಲಿಕಲ್ ಗಡಿ ಎಲ್ಲಿದೆ?

ದೇವಶಾಸ್ತ್ರ ವಿದ್ಯಾರ್ಥಿ:
ಸತ್ಯವೇದಕ್ಕೂ ಮನಪರಿವರ್ತನೆಗೂ ಒತ್ತು ಕೊಡುವ ಪ್ರಾಟೆಸ್ಟೆಂಟ್ ಚಳವಳಿಯೇ ಇವ್ಯಾಂಜೆಲಿಕಲ್. ಅದರ ವಿದ್ವಾಂಸರ ಸಂಘವಾದ ಅಮೆರಿಕದ ಇವ್ಯಾಂಜೆಲಿಕಲ್ ಥಿಯಲಾಜಿಕಲ್ ಸೊಸೈಟಿಯು 2003ರಲ್ಲಿ ದೇವಶಾಸ್ತ್ರಜ್ಞರಾದ ಕ್ಲಾರ್ಕ್ ಪಿನಾಕ್ ಮತ್ತು ಜಾನ್ ಸ್ಯಾಂಡರ್ಸ್ ಅವರ ಸದಸ್ಯತ್ವವನ್ನೇ ಮತಕ್ಕೆ ಹಾಕಿತು. ಮನುಷ್ಯರು ಸ್ವತಂತ್ರವಾಗಿ ಮಾಡಲಿರುವ ಆಯ್ಕೆಗಳು ಇನ್ನೂ ತೆರೆದೇ ಇರುವುದರಿಂದ ದೇವರು ಅವುಗಳನ್ನು ಆಗಿಯೇ ತೀರುವ ಸಂಗತಿಗಳೆಂದು ಅರಿತಿರುವುದಿಲ್ಲ ಎಂಬುದು ಇವರ ವಾದ. ಆದರೆ ಸತ್ಯವೇದದಲ್ಲಿ ತಪ್ಪಿಲ್ಲವೆಂಬ, ಸದಸ್ಯರೆಲ್ಲರೂ ಸಹಿ ಹಾಕುವ ಸೊಸೈಟಿಯ ನಿಬಂಧನೆಗೆ ಇಬ್ಬರೂ ಒಪ್ಪಿದ್ದರು. ಹಾಗಿದ್ದ ಮೇಲೆ ಅವರು ದಾಟಿದ ಗೆರೆ ಯಾವುದು?

ನಿವೃತ್ತ ಸಭಾಪಾಲಕ:
ಸಹೋದರರೇ, ಗೆರೆಯನ್ನು ಎಳೆದದ್ದು 2001ರಲ್ಲಿ. ಮುಂದೆ ನಡೆಯುವುದೆಲ್ಲವನ್ನೂ, ಮನುಷ್ಯರ ಸ್ವತಂತ್ರ ನಿರ್ಧಾರಗಳನ್ನೂ ಸಹ, ದೇವರು ಪೂರ್ಣವಾಗಿ ಬಲ್ಲನೆಂಬ ನಿರ್ಣಯ ಆ ವರ್ಷ 253ಕ್ಕೆ 66 ಮತಗಳಿಂದ ಅಂಗೀಕಾರವಾಯಿತು. ಆದರೂ ಸದಸ್ಯರನ್ನು ಹೊರಹಾಕಲು ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. 2003ರಲ್ಲಿ ಸ್ಯಾಂಡರ್ಸ್ ವಿರುದ್ಧ 388, ಪರವಾಗಿ 231 ಮತಗಳು ಬಿದ್ದವು, ಕೂದಲೆಳೆಯಲ್ಲಿ ಉಳಿದುಕೊಂಡರು. ತಮ್ಮ ಪುಸ್ತಕದ ಒಂದು ಅಡಿಟಿಪ್ಪಣಿಯನ್ನು ತಿದ್ದಲು ಒಪ್ಪಿದ ಪಿನಾಕ್ ನಿರಾಯಾಸವಾಗಿ ಪಾರಾದರು. ಇಡೀ ಚಳವಳಿಯ ಗಡಿ ಒಂದು ಅಡಿಟಿಪ್ಪಣಿಗೆ ಬಂದು ನಿಂತದ್ದು ನನಗೆ ಇಂದಿಗೂ ಸೋಜಿಗವೇ.

ಇತಿಹಾಸದ ಓದುಗ:
ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಗುರುತಿಸಿದ ಇವ್ಯಾಂಜೆಲಿಕಲ್‌ರ ನಾಲ್ಕು ಲಕ್ಷಣಗಳನ್ನು, ಅಂದರೆ ಸತ್ಯವೇದನಿಷ್ಠೆ, ಶಿಲುಬೆಯ ಕೇಂದ್ರಸ್ಥಾನ, ಮನಪರಿವರ್ತನೆ ಮತ್ತು ಕ್ರಿಯಾಶೀಲತೆಗಳನ್ನು ಅಳತೆಗೋಲಾಗಿ ಹಿಡಿದರೆ ಇಬ್ಬರೂ ಒಳಗೇ ಇದ್ದಾರೆ. ಆದರೆ ಅದು ಇತಿಹಾಸಕಾರನು ಕಂಡದ್ದರ ವಿವರಣೆ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಸಂಸ್ಥೆಯೊಂದು ಹಾಕಿಕೊಳ್ಳುವ ಬೇಲಿಯಲ್ಲ. ಈ ಎರಡನ್ನೂ ಬೆರೆಸಿದ್ದರಿಂದಲೇ ಚರ್ಚೆ ಗೋಜಲಾಗಿದೆ.

ದೇವಶಾಸ್ತ್ರ ವಿದ್ಯಾರ್ಥಿ:
ಬೇಲಿ ಎಂದೇ ಇಟ್ಟುಕೊಳ್ಳೋಣ. ಆದಿಕಾಂಡ 22ರಲ್ಲಿ ಮಗನನ್ನು ಬಲಿಕೊಡಲು ಸಿದ್ಧನಾದ ಅಬ್ರಹಾಮನಿಗೆ ದೇವರು ‘ಈಗ ತಿಳಿಯಿತು’ ಎನ್ನುವ ಮಾತನ್ನು ಸ್ಯಾಂಡರ್ಸ್ ಅಕ್ಷರಶಃ ಹಿಡಿಯುತ್ತಾರೆ. ಎದುರಾಳಿಗಳು, ದೇವರು ಅಂತ್ಯವನ್ನು ಆದಿಯಲ್ಲೇ ತಿಳಿಸುತ್ತಾನೆ ಎನ್ನುವ ಯೆಶಾಯ 46ನ್ನು ಮುಂದಿಟ್ಟು, ‘ಈಗ ತಿಳಿಯಿತು’ ಎಂಬುದು ಮನುಷ್ಯರ ಭಾಷೆಗೆ ಇಳಿದು ಆಡಿದ ಮಾತು ಎನ್ನುತ್ತಾರೆ. ಹಾಗಾದರೆ ಇದು ಅರ್ಥೈಸುವ ಭೇದವಷ್ಟೇ ಅಲ್ಲವೇ?

ನಿವೃತ್ತ ಸಭಾಪಾಲಕ:
ಅಷ್ಟೇ ಎಂದು ಕೈತೊಳೆದುಕೊಳ್ಳಲಾಗದು. ಮತ್ತಾಯನ ಸುವಾರ್ತೆಯ ಕೆಲವು ಭಾಗಗಳು ಇತಿಹಾಸವಲ್ಲವೆಂದು ಓದಿದ ವಿದ್ವಾಂಸ ರಾಬರ್ಟ್ ಗಂಡ್ರಿಯೂ ಸತ್ಯವೇದ ತಪ್ಪಿಲ್ಲದ್ದೆಂದೇ ಹೇಳುತ್ತಿದ್ದರು. 1983ರಲ್ಲಿ ಅವರು ಸೊಸೈಟಿಯಿಂದ ಹೊರಬರಬೇಕಾಯಿತು. 1949ರಲ್ಲಿ ಸೊಸೈಟಿ ಹುಟ್ಟಿದಾಗ ಅದರ ನಿಬಂಧನೆ ಸತ್ಯವೇದದ ಕುರಿತ ಒಂದೇ ವಾಕ್ಯವಾಗಿತ್ತು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಯೇಕತ್ವವನ್ನು ಅಲ್ಲಗಳೆಯುವವನೂ ಅದಕ್ಕೆ ಸಹಿ ಹಾಕಬಹುದಿತ್ತು. ತ್ರಯೇಕತ್ವದ ವಾಕ್ಯ ಅದಕ್ಕೆ ಸೇರಿದ್ದು 1990ರಲ್ಲಿ. ಮುನ್ನರಿವಿನ ವಾಕ್ಯ ಮಾತ್ರ ನಿರ್ಣಯವಾಗಿಯೇ ಉಳಿಯಿತು, ನಿಬಂಧನೆಯೊಳಗೆ ಬರಲಿಲ್ಲ.