ಆಯಿಯ ಮೊಣಕಾಲು ಶಸ್ತ್ರಚಿಕಿತ್ಸೆ: ಜೊತೆಗಿರುವವರು ಯಾವುದರ ಮೇಲೆ ಕಣ್ಣಿಡಬೇಕು?

ಅಂಕೋಲಾದಿಂದ ಪ್ರಶ್ನೆ

ಆಯಿಗೆ 68 ವರ್ಷ. ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮುಂದಿನ ತಿಂಗಳು ಎಡ ಮೊಣಕಾಲಿನ ಕೀಲು ಬದಲಿಸಲು ಹೊರ ಜಿಲ್ಲೆಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದ ಕಥೆಯನ್ನು ಕೇರಿಯವರು ಹೇಳಿ ಅವರನ್ನು ಹೆದರಿಸಿಟ್ಟಿದ್ದಾರೆ. ವೈದ್ಯರ ಮೇಲೆ ನನಗೆ ಅನುಮಾನವಿಲ್ಲ. ಆದರೂ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಯಾವುವು, ನಾವು ಏನು ಮಾಡಬಹುದು? ಅನುಭವವಿದ್ದವರು ತಿಳಿಸಿ.

ಕುಮಟಾ, ಔಷಧ ಅಂಗಡಿ

ಬಟ್ಟೆ ಉಳಿಯುವುದು ಸುಳ್ಳಲ್ಲ, ಆದರೆ ಅಪರೂಪ. ನಾನು ದಿನವೂ ನೋಡುವುದು ಮಾತ್ರೆಯ ತಪ್ಪನ್ನು. ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಚೀಲದಲ್ಲಿ ಮೂರು ಊರಿನ ಔಷಧ ಇರುತ್ತದೆ: ಹೃದಯಕ್ಕೆ ಮಣಿಪಾಲ, ಕಿಡ್ನಿಗೆ ಹುಬ್ಬಳ್ಳಿ, ಜ್ವರಕ್ಕೆ ಊರಿನ ಡಾಕ್ಟರು. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನೋಡಿರುವುದಿಲ್ಲ.

ಈಚೆಗೆ ಹಿರಿಯರೊಬ್ಬರು ಪ್ಲಾಸ್ಟಿಕ್ ಕೊಟ್ಟೆ ಬಿಚ್ಚಿ ಗಾಜಿನ ಮೇಲೆ ಸುರಿದರು. ಎರಡು ಸ್ಟ್ರಿಪ್, ಬಣ್ಣ ಬೇರೆ, ಕಂಪನಿ ಬೇರೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಮಾತ್ರ ಎರಡರಲ್ಲೂ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್. ಬೆಳಿಗ್ಗೆ ಎರಡನ್ನೂ ನುಂಗುತ್ತಿದ್ದರಂತೆ. ಹತ್ತು ಗಂಟೆಯ ಹೊತ್ತಿಗೆ ಬೆವರು, ಕೈನಡುಕ. ಸಕ್ಕರೆ ತೀರಾ ಇಳಿದಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ವಯಸ್ಸಿನ ಸುಸ್ತು ಎಂದುಕೊಂಡಿದ್ದರು.

ಇನ್ನೊಂದು, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕಾದ ಔಷಧ ಅದು. ದಿನವೂ ನುಂಗಿ, ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಜೀವ ಹೋದ ಪ್ರಕರಣಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಅಂಥ ಮಾತ್ರೆಗೆ ವಾರದ ಯಾವ ದಿನ ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಬೇಕು.

ಒಂದು ಹಾಳೆಯಲ್ಲಿ ಆಯಿಯ ಎಲ್ಲ ಮಾತ್ರೆಗಳನ್ನೂ ಬರೆಯಿರಿ. ಕಂಪನಿಯ ಹೆಸರಲ್ಲ, ಮೂಲ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಕಾಯಿಲೆಗೆ. ಸೇರಿಸುವಾಗ ತೋರಿಸಿ. ಬಿಡುಗಡೆಯ ದಿನ ಅದೇ ಹಾಳೆ ಹಿಡಿದು, ಯಾವುದು ನಿಂತಿತು, ಯಾವುದು ಹೊಸದು ಎಂದು ಕೇಳಿ. ಆ ಹೊತ್ತಿಗೆ ಎಲ್ಲರ ಗಮನವೂ ಬಿಲ್ಲಿನ ಮೇಲೆಯೇ ಇರುತ್ತದೆ.

ಶಿರಸಿ, ನಿವೃತ್ತ ನರ್ಸ್

ರೋಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗಲೇ ಹೆಚ್ಚಿನ ಎಡವಟ್ಟು ಆಗುವುದು. ಆಸ್ಪತ್ರೆಯಿಂದ ಆಸ್ಪತ್ರೆಗೆ ಮಾತ್ರವಲ್ಲ, ರಾತ್ರಿ ಪಾಳಿಯಿಂದ ಬೆಳಗಿನ ಪಾಳಿಗೂ ಹಾಗೆಯೇ. ಪಾಳಿ ಬದಲಾಗುವ ಹೊತ್ತಿಗೆ ಚಹಾಕ್ಕೆಂದು ಹೊರಗೆ ಹೋಗಬೇಡಿ, ಮಂಚದ ಪಕ್ಕದಲ್ಲಿರಿ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು ಒಂದು ತಪಾಸಣಾ ಪಟ್ಟಿ ಕೊಟ್ಟಿತು. ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಥಿಯೇಟರ್ ಬಿಡುವ ಮುಂಚೆ, ಹೀಗೆ ಮೂರು ಸಲ ನಿಂತು ನೋಡಬೇಕು. ಹೆಸರು, ಯಾವ ಕಡೆ, ಅಲರ್ಜಿ, ಕೊನೆಗೆ ಬಟ್ಟೆ ಮತ್ತು ಸೂಜಿಗಳ ಲೆಕ್ಕ, ಎಲ್ಲವನ್ನೂ ಗಟ್ಟಿಯಾಗಿ ಹೇಳಬೇಕು. ಇದೇನು ಮಕ್ಕಳಾಟ ಎಂದು ಗೊಣಗುವ ಸರ್ಜನ್ನರನ್ನು ಕಂಡಿದ್ದೇನೆ. ಲೆಕ್ಕದಲ್ಲಿ ಒಂದು ಬಟ್ಟೆ ಕಡಿಮೆ ಬಂದ ದಿನ ಅವರೂ ಹೊಲಿಗೆ ನಿಲ್ಲಿಸಿ ಹುಡುಕುತ್ತಿದ್ದರು. ಈ ಪಟ್ಟಿಯನ್ನು ಬಳಸುತ್ತೀರಾ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಅದೂ ಒಂದು ಉತ್ತರವೇ.

ಆಯಿ ಎಚ್ಚರವಿರುವಾಗಲೇ ಸರ್ಜನ್ ಎಡಗಾಲಿಗೆ ಗುರುತು ಹಾಕಲಿ. ಬಲಗಾಲಿಗೆ ನೀವಾಗಿ ಏನನ್ನೂ ಗೀಚಬೇಡಿ, ಗೊಂದಲವಾಗುತ್ತದೆ. ಆಮೇಲಿನ ದಿನಗಳಲ್ಲಿ ರಾತ್ರಿ ಒಬ್ಬರೇ ಬಚ್ಚಲಿಗೆ ಎದ್ದು ಬೀಳುವುದು, ಬೇಕಿಲ್ಲದೆ ಉಳಿದ ಮೂತ್ರದ ಪೈಪಿನಿಂದ ಸೋಂಕು, ಮಲಗಿದಲ್ಲೇ ಬೆನ್ನು ಹುಣ್ಣಾಗುವುದು ಇವೆಲ್ಲ ತಪ್ಪಿಸಬಹುದಾದವು. ಮೀನಖಂಡ ಊದಿ ನೋವು ಬಂದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಕ್ಷಣ ಕರೆಯಿರಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿರಬಹುದು.

ಹೊನ್ನಾವರ

ಅಪ್ಪನಿಗೆ ಎದೆ ಉರಿ, ಬೆವರು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು, ಇಸಿಜಿ ಮಾಡಲಿಲ್ಲ. ಸಂಜೆ ಇನ್ನೊಂದು ಕಡೆ ತೆಗೆದಾಗ ಹೃದಯಾಘಾತ ಎಂದು ಗೊತ್ತಾಯಿತು. ಅಲ್ಲಿಂದ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಕೊಟ್ಟ ಪತ್ರದಲ್ಲಿ ಯಾವ ಔಷಧ ಎಷ್ಟು ಗಂಟೆಗೆ ಎಂಬುದೇ ಇರಲಿಲ್ಲ. ಅಪ್ಪ ಬದುಕಿದರು, ಹೃದಯ ಮಾತ್ರ ಸೊರಗಿದೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ, ಇಲ್ಲಿಂದ ಹೊರಟ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್‌ನಲ್ಲಿ ಉರುಳಿದ ಮೇಲೆ, ಎಷ್ಟು ಜೋರಾಗಿತ್ತು ಎಂಬುದು ನೆನಪಿದೆಯಲ್ಲ? ದೂರ ಹೋಗುವುದು ತಪ್ಪದಿದ್ದರೆ ಆ ಪತ್ರವನ್ನು ಪೂರ್ತಿ ಬರೆಸಿಕೊಂಡೇ ಗಾಡಿ ಹತ್ತಿ.

ಸಿದ್ದಾಪುರ

ಮೊಣಕಾಲಿಗೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಅಲ್ಲವೆಂದು ಖಚಿತವಾಗುವವರೆಗೆ ನೋವಿನ ಇಂಜೆಕ್ಷನ್, ಆಸ್ಪಿರಿನ್ ಬೇಡ. ರಕ್ತಸ್ರಾವ ಹೆಚ್ಚುತ್ತದೆ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ.

ಕಾರವಾರ, ವಕೀಲರು

ಫಲ ಕೆಟ್ಟ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ. ಒಳ್ಳೆಯ ಕೈಯಲ್ಲೂ ಸೋಂಕು ಆಗುತ್ತದೆ. ಅದೇ ವಿಭಾಗದ ಸಾಧಾರಣ ಕೌಶಲದ ವೈದ್ಯ ವಹಿಸಬೇಕಾದಷ್ಟು ಎಚ್ಚರ ವಹಿಸಿದ್ದರೇ ಎಂಬುದೇ ಪ್ರಶ್ನೆ. ಕ್ರಿಮಿನಲ್ ಮೊಕದ್ದಮೆಗೆ ಗಂಭೀರ ನಿರ್ಲಕ್ಷ್ಯವೇ ಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ.

ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿ. ತಪಾಸಣೆಗೆ ಪಡೆದ ಒಪ್ಪಿಗೆಯನ್ನು ಇಟ್ಟುಕೊಂಡು ಗರ್ಭಕೋಶ ತೆಗೆದದ್ದು ಸರಿಯಲ್ಲವೆಂದು 2008ರಲ್ಲಿ ಅದೇ ನ್ಯಾಯಾಲಯ ಹೇಳಿತು. ದಾಖಲೆಗಳ ಪ್ರತಿಗೆ ಲಿಖಿತ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಜಗಳಕ್ಕಿಂತ ಮೊದಲು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಮಂಗಳೂರಿನಲ್ಲಿ ಚಿಕಿತ್ಸೆಯಾಗಿದ್ದರೂ ಕಾರವಾರಕ್ಕೆ ಬಂದರೆ ಸಾಕು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಮಾತ್ರ ಇದರ ವ್ಯಾಪ್ತಿಗೆ ಬರುವುದಿಲ್ಲ. ವೈದ್ಯರ ನಡತೆಯ ಬಗ್ಗೆ ದೂರಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು.

ಅಂಕೋಲಾ

ಎಲ್ಲರಿಗೂ ಧನ್ಯವಾದ. ಕುಮಟಾದವರಿಗೆ ಒಂದು ಪ್ರಶ್ನೆ: ಸ್ಟೆಂಟ್‌ಗಾಗಿ ಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆಯನ್ನು ಈಗಲೇ ನಿಲ್ಲಿಸಿ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ಕುಮಟಾ, ಔಷಧ ಅಂಗಡಿ

ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಮುಚ್ಚಿಕೊಂಡರೆ ಮೊಣಕಾಲಿನ ಮಾತೇ ಉಳಿಯುವುದಿಲ್ಲ. ಯಾವ ಮಾತ್ರೆ, ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಮತ್ತೆ ಎಂದು ಶುರು ಮಾಡಬೇಕು ಎಂದು ಹೃದಯದ ಡಾಕ್ಟರಿಂದ ಬರೆಸಿಕೊಂಡು ಸರ್ಜನ್ ಮತ್ತು ಅರಿವಳಿಕೆ ಡಾಕ್ಟರ್ ಇಬ್ಬರಿಗೂ ಕೊಡಿ. ಪುನಃ ಶುರು ಮಾಡುವ ತಾರೀಕನ್ನೇ ಹೆಚ್ಚಿನವರು ಮರೆಯುವುದು.