ಅಪ್‌ಡೇಟ್: ಅಮೆರಿಕದ ರೋಚೆಸ್ಟರ್‌ನಲ್ಲಿ ಸ್ನೇರ್ ಡ್ರಮ್ ನುಡಿಸಿ ಬಂದೆ

ಎಷ್ಟೋ ವರ್ಷಗಳ ನಂತರ ಅಲುಮ್ನಿ ಡ್ರಮ್ ಕೋರ್ (ಹಳೇ ಸದಸ್ಯರ ಡ್ರಮ್-ಬ್ಯೂಗಲ್ ಮೆರವಣಿಗೆ ತಂಡ) ಸೇರಿದ್ದೇನೆ, ಇಂಥ ತಂಡಗಳಿಗಾಗಿ ಆಗ ಡಿಸಿಎ ಸಂಸ್ಥೆ ನಡೆಸುತ್ತಿದ್ದ ಚಾಂಪಿಯನ್‌ಶಿಪ್ ಹೊತ್ತಿಗೆ ಕೈ ಮತ್ತೆ ಪಳಗುತ್ತಾ ಅಂತ ಕೇಳಿದ್ದೆ ಅಲ್ವಾ? ಪಳಗಿತು! ಮೆಟ್ರೊನೋಮ್ (ತಾಳ ಕೊಡುವ ಸಾಧನ) ನಿಧಾನಕ್ಕೆ ಇಟ್ಟು, ಒಂದೊಂದು ಕೈಯಿಂದ ಎಂಟೆಂಟು ಏಟು ಹೊಡೆಯಿರಿ, ವೇಗದ ಆಸೆ ಬಿಡಿ ಅಂದಿದ್ದವರಿಗೆ ದೊಡ್ಡ ಥ್ಯಾಂಕ್ಸ್. ಹೊತ್ತು ನಡೆಯುತ್ತಾ ನುಡಿಸುವ ಮಾರ್ಚಿಂಗ್ ಸ್ನೇರ್‌ನ ಕೆವ್ಲಾರ್ (ತುಂಬಾ ಗಟ್ಟಿ ನಾರು) ಹೊದಿಕೆ ಕಲ್ಲಿನಷ್ಟು ಬಿಗಿ. ಅಭ್ಯಾಸಕ್ಕೆಂದೇ ಇರುವ ಪ್ಯಾಡ್ ಮೇಲೆ ಅಭ್ಯಾಸ ಮಾಡದೆ ನೇರ ಅದಕ್ಕೇ ಕೈ ಹಾಕಿದರೆ ಮಣಿಕಟ್ಟು ಹೋಗುತ್ತೆ. ಡ್ರಮ್ ಹೊತ್ತು ನಿಂತಲ್ಲೇ ಹೆಜ್ಜೆ ಹಾಕಿ ನುಡಿಸಿದ್ದು ಇನ್ನೂ ಜಾಸ್ತಿ ಉಪಯೋಗಕ್ಕೆ ಬಂತು.

ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವಾರಾಂತ್ಯ, ಭಾನುವಾರ ನಮ್ಮ ಸರದಿ. ನಮಗೆ ಅಂಕ ಇಲ್ಲ, ಪ್ರದರ್ಶನ ಮಾತ್ರ. ಆದರೂ ಎದೆ ಢವಢವ ಅಂತಿತ್ತು.

ಕಷ್ಟ ಕೊಟ್ಟಿದ್ದು ಪ್ರತಿಧ್ವನಿ. ಎದುರಿನ ಗೋಡೆಗೆ ಬಡಿದು ಬರುವ ಸದ್ದು ತಡವಾಗಿ ಕೇಳಿಸುತ್ತೆ, ಅದನ್ನು ನಂಬಿದರೆ ತಾಳ ಹಿಂದೆ ಬೀಳುತ್ತೆ. ಹಾಗಾಗಿ ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರ್ ಕೈ ನೋಡುತ್ತಾ, ನಡುವಿನ ಸ್ನೇರ್‌ನವರ ಜೊತೆ ಹೊಡೆದೆವು. ಹಿಂದಿನಿಂದ ಹಳೇ ಜಿ ಬ್ಯೂಗಲ್‌ಗಳು (ಜಿ ಸ್ವರಕ್ಕೆ ಶ್ರುತಿ ಮಾಡಿದ ಕಹಳೆಗಳು) ಒಟ್ಟಿಗೆ ಮೊಳಗಿದಾಗ ಮೈ ಜುಮ್ಮೆಂದಿತು. ಅರವತ್ತು ದಾಟಿದವರು ಅಷ್ಟು ಗಟ್ಟಿಯಾಗಿ ಊದುವುದನ್ನು ಪಕ್ಕದಲ್ಲೇ ನಿಂತು ಕೇಳಬೇಕು!

ಮುಂದಿನ ಸೀಸನ್‌ಗೂ ಹೆಸರು ಕೊಟ್ಟಿದ್ದೇನೆ.