‘ಮಾಜಿ ಸೈನಿಕ’ರೋ ‘ಹುತಾತ್ಮ’ರೋ: ಫಲಕಕ್ಕೊಂದು ಪದ ಬೇಕು

ಚಿತ್ರದುರ್ಗದಿಂದ:

ಮಾನ್ಯರೇ, ನವೆಂಬರ್ 11ರಂದು ನಮ್ಮ ಕಾಲೇಜಿನಲ್ಲಿ ಒನಕೆ ಓಬವ್ವ ಜಯಂತಿ. ಮೊದಲ ಮಹಾಯುದ್ಧದ ಕದನವಿರಾಮ 1918ರಲ್ಲಿ ಜಾರಿಗೆ ಬಂದದ್ದೂ ಅದೇ ತಾರೀಖಿನಂದು. ಹೀಗಾಗಿ ಬೇರೆ ಬೇರೆ ದೇಶಗಳು ತಮ್ಮ ಯೋಧರನ್ನು ನೆನೆಯುವ ಬಗೆಯನ್ನು ತಿಳಿಸುವ ಸಣ್ಣ ಪ್ರದರ್ಶನವನ್ನೂ ಇಟ್ಟುಕೊಂಡಿದ್ದೇವೆ. ಅಮೆರಿಕದ ‘ವೆಟರನ್ಸ್ ಡೇ’, ‘ಮೆಮೋರಿಯಲ್ ಡೇ’, ಬ್ರಿಟನ್ನಿನ ‘ರಿಮೆಂಬ್ರನ್ಸ್ ಸಂಡೇ’ ಮೂರನ್ನೂ ಕರಡಿನಲ್ಲಿ ‘ಹುತಾತ್ಮರ ದಿನ’ ಎಂದೇ ಬರೆದಿದ್ದೆ. ಅತಿಥಿಯಾಗಿ ಬರಲಿರುವ ನಿವೃತ್ತ ಹವಾಲ್ದಾರರೊಬ್ಬರು ಕನ್ನಡಕ ಏರಿಸಿಕೊಂಡು ಅದನ್ನು ಓದಿ, “ನಾನಿನ್ನೂ ಬದುಕಿದ್ದೇನಲ್ಲ ಮೇಷ್ಟ್ರೇ” ಎಂದರು. ಫಲಕ ಬರೆಯುವವರು ಶುಕ್ರವಾರದೊಳಗೆ ಒಕ್ಕಣೆ ಕೇಳಿದ್ದಾರೆ. ‘ವೆಟರನ್’ಗೆ ‘ಮಾಜಿ ಸೈನಿಕ’ ಸಾಕೇ?

ದಾವಣಗೆರೆಯಿಂದ:

ಸಾಲದು. ‘ಮಾಜಿ’ ಅರಬ್ಬಿ ಮೂಲದ್ದು. ಕಳೆದುಹೋದದ್ದು ಎಂದು ಅದರ ಅರ್ಥ. ಚುನಾವಣೆಯಲ್ಲಿ ಸೋತವರಿಗೆ ಅಂಟಿಸುವ ಪದವನ್ನು ಗಡಿ ಕಾದವರಿಗೂ ಹಚ್ಚುವುದು ಸಲ್ಲದು. ಹಳಗನ್ನಡದ ‘ಕಲಿ’ ಇರುವಾಗ ‘ಹಿರಿಗಲಿ’ ಎಂದರೆ ಮುಗಿಯಿತು. ‘ಸ್ಮರಣೆ’ಯೂ ಬೇಡ, ‘ನೆನಹು’ ಇದೆ.

ಚಿತ್ರದುರ್ಗದ ಮತ್ತೊಬ್ಬರಿಂದ:

‘ಕಲಿ’ ಎಂದೊಡನೆ ಇಂದಿನವರಿಗೆ ನೆನಪಾಗುವುದು ಕಲಿಯುಗ. ಅರಬ್ಬಿಯೇ ಆಗದೆಂದರೆ, 1997ರಲ್ಲಿ ನಮ್ಮಿಂದ ಬೇರೆಯಾಗಿ ತಾವು ಪಡೆದುಕೊಂಡ ‘ಜಿಲ್ಲೆ’ಯೂ ಅರಬ್ಬಿಯೇ, ಹಿಂದಿರುಗಿಸುವಿರಾ?

ಇಲ್ಲಿ ತೊಡಕು ಪದದ ಮೂಲದ್ದಲ್ಲ. ಇರುವವರು ಯಾರು, ಹೋದವರು ಯಾರು ಎಂಬುದರದ್ದು. ಅಮೆರಿಕವು 1954ರಲ್ಲಿ ನವೆಂಬರ್ 11ರ ಕದನವಿರಾಮ ದಿನದ ಹೆಸರನ್ನು ಬದಲಿಸಿ, ಸೇನೆಯಲ್ಲಿ ಸೇವೆ ಸಲ್ಲಿಸಿದ ಎಲ್ಲರಿಗೂ ಅದು ಸಲ್ಲುವಂತೆ ಮಾಡಿತು. ಮಡಿದವರಿಗೆಂದೇ ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಇದೆ. ಬ್ರಿಟನ್ನಿನವರು ನವೆಂಬರಿನ ಎರಡನೆಯ ಭಾನುವಾರ ಕೆಂಪು ಗಸಗಸೆ ಹೂವನ್ನು ಎದೆಗೆ ಸಿಕ್ಕಿಸಿಕೊಂಡು ಎರಡು ನಿಮಿಷ ಮೌನ ತಾಳುವುದೂ ಮಡಿದವರಿಗಾಗಿಯೇ. ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಏಪ್ರಿಲ್ 25ರಂದು, 1915ರ ಗಲಿಪೊಲಿ ಕಾಳಗದ ನೆನಪಿಗೆ ನಸುಕಿನಲ್ಲೇ ಸೇರಿ ಸತ್ತವರನ್ನು ನೆನೆದ ಮೇಲೆ, ಬದುಕಿ ಬಂದವರು ಪದಕ ಧರಿಸಿ ಮೆರವಣಿಗೆಯಲ್ಲಿ ನಡೆಯುತ್ತಾರೆ. ಒಂದೇ ದಿನ, ಎರಡು ಪದ ಬೇಕು.

ನಮ್ಮ ವೀರಗಲ್ಲು ನಿಲ್ಲುವುದು ಮಡಿದವನಿಗೆ. ಗೆದ್ದು ಮನೆಗೆ ಬಂದವನಿಗೆ ಹಳೆಯ ಪದ ಸಿಗದಿರುವುದಕ್ಕೆ ಅದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಕೊಡಗಿನ ಕಾರ್ಯಪ್ಪನವರು ಸೇನಾ ಮುಖ್ಯಸ್ಥರಾಗಿದ್ದು 1953ರಲ್ಲಿ ನಿವೃತ್ತರಾದ ಜನವರಿ 14ನ್ನು ದೇಶದಲ್ಲಿ ಆಚರಿಸುವಾಗ ಪತ್ರಿಕೆಗಳು ಬರೆಯುವುದು ‘ಮಾಜಿ ಸೈನಿಕರ ದಿನ’ ಎಂದೇ. ಅರ್ಜಿ ನಮೂನೆಗಳಲ್ಲೂ ಅದೇ ಇದೆ. ವೆಟರನ್ಸ್ ಡೇಗೆ ‘ಮಾಜಿ ಸೈನಿಕರ ದಿನ’, ಮೆಮೋರಿಯಲ್ ಡೇಗೆ ‘ಮಡಿದ ಯೋಧರ ಸ್ಮರಣೆಯ ದಿನ’, ಬ್ರಿಟನ್ನಿನದಕ್ಕೆ ‘ಸ್ಮರಣೆಯ ಭಾನುವಾರ’ ಎಂದು ಬರೆಸಿರಿ.

ದಾವಣಗೆರೆಯಿಂದ:

ಜಿಲ್ಲೆಯ ಮಾತು ಅಪ್ರಸ್ತುತ. ‘ಮಡಿದ’ ಎಂಬ ಅಚ್ಚಗನ್ನಡವನ್ನಾದರೂ ಉಳಿಸಿದಿರಿ.

ಪ್ರಶ್ನೆ ಕೇಳಿದವರಿಂದ:

ಹವಾಲ್ದಾರರಿಗೆ ಎರಡೂ ಪದಗಳನ್ನು ಓದಿ ಹೇಳಿದೆ. ‘ಹಿರಿಗಲಿ’ ಎಂದರೆ ಯಾವ ಊರು ಎಂದು ಕೇಳಿದರು. ‘ಮಾಜಿ ಸೈನಿಕ’ ಎಂದೇ ಬರೆಯಲು ಕೊಟ್ಟಿದ್ದೇನೆ.